ಗರ್ಭಕೊರಳಿನ ಕ್ಯಾನ್ಸರ್: ಮೊದಲ ಹಂತದಲ್ಲಿ ಶಸ್ತ್ರಚಿಕಿತ್ಸೆ ಎಷ್ಟು, ಎಂಥದು?

ಗರ್ಭಕೋಶಕ್ಕೆ ಸಂಬಂಧಿಸಿದ ಯಾವ ತೊಂದರೆ ಬಂದರೂ ‘ತೆಗೆಸಿಬಿಡಿ, ನೆಮ್ಮದಿಯಾಗುತ್ತದೆ’ ಎಂಬ ಮಾತು ನಮ್ಮ ಊರುಗಳಲ್ಲಿ ಸುಲಭವಾಗಿ ಕೇಳಿಬರುತ್ತದೆ. ಮಕ್ಕಳಾದ ಮೇಲೆ ಆ ಅಂಗದಿಂದ ಏನು ಪ್ರಯೋಜನ ಎನ್ನುವವರೂ ಇದ್ದಾರೆ. ಇನ್ನೊಂದೆಡೆ, ಕ್ಯಾನ್ಸರ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ಇನ್ನೇನು ಮಾಡಿಯೂ ಫಲವಿಲ್ಲವೆಂದು ಕೈಚೆಲ್ಲಿ ಕುಳಿತುಕೊಳ್ಳುವ ಮನೆಗಳೂ ಇವೆ. ಇವೆರಡೂ ಆತುರದ ತೀರ್ಮಾನಗಳು. ಗರ್ಭಕೊರಳಿನ ಕ್ಯಾನ್ಸರಿನ ವಿಷಯದಲ್ಲಂತೂ ಎರಡೂ ಪ್ರಾಣಕ್ಕೆ ಎರವಾಗಬಲ್ಲವು. ಮೊದಲ ಹಂತದಲ್ಲಿಯೇ ಗುರುತಿಸಿ ತಕ್ಕ ಚಿಕಿತ್ಸೆ ಮಾಡಿದರೆ ಈ ರೋಗಕ್ಕೆ ತುತ್ತಾದ ಹತ್ತು ಮಹಿಳೆಯರಲ್ಲಿ ಸುಮಾರು ಒಂಬತ್ತು ಮಂದಿ ಐದು ವರ್ಷಗಳ ಬಳಿಕವೂ ಬದುಕಿರುತ್ತಾರೆ. ಆದರೆ ‘ತಕ್ಕ ಚಿಕಿತ್ಸೆ’ ಎಂಬ ಮಾತಿನಲ್ಲಿಯೇ ವಿಷಯದ ತಿರುಳೆಲ್ಲ ಅಡಗಿದೆ. ಒಬ್ಬ ತಾಯಿಗೆ ಹೆಬ್ಬೆರಳ ತುದಿಯಷ್ಟು ಅಂಗಾಂಶ ತೆಗೆದರೆ ಸಾಕು. ಇನ್ನೊಬ್ಬರಿಗೆ ಗರ್ಭಕೋಶದೊಡನೆ ಸುತ್ತಲಿನ ಭಾಗವನ್ನೂ ತೆಗೆಯಬೇಕು. ಮತ್ತೊಬ್ಬರಿಗೆ ಶಸ್ತ್ರಚಿಕಿತ್ಸೆಯನ್ನೇ ಮಾಡಬಾರದು. ಈ ವ್ಯತ್ಯಾಸವನ್ನು ಮನೆಯವರು ತಿಳಿದಿದ್ದರೆ ಸರಿಯಾದ ಪ್ರಶ್ನೆಯನ್ನು ಸರಿಯಾದ ಹೊತ್ತಿನಲ್ಲಿ ಕೇಳಬಲ್ಲರು.

2022ರ ಜಾಗತಿಕ ಅಂದಾಜಿನಂತೆ ಭಾರತದಲ್ಲಿ ಆ ಒಂದೇ ವರ್ಷ ಸುಮಾರು 1.27 ಲಕ್ಷ ಮಹಿಳೆಯರಲ್ಲಿ ಈ ರೋಗ ಹೊಸದಾಗಿ ಪತ್ತೆಯಾಯಿತು; ಸುಮಾರು 80 ಸಾವಿರ ಮಂದಿ ಇದರಿಂದ ಅಸುನೀಗಿದರು. ಗುಣಪಡಿಸಬಹುದಾದ ರೋಗವೊಂದು ಇಷ್ಟು ಜೀವಗಳನ್ನು ಬಲಿತೆಗೆದುಕೊಳ್ಳುವುದಕ್ಕೆ ಮುಖ್ಯ ಕಾರಣ, ಅದು ತಡವಾಗಿ ವೈದ್ಯರ ಕಣ್ಣಿಗೆ ಬೀಳುವುದು.

ರೋಗದ ನೆಲೆ

ಗರ್ಭಕೋಶವನ್ನು ತಲೆಕೆಳಗಾಗಿ ಹಿಡಿದ ಪೇರಲಹಣ್ಣಿಗೆ ಹೋಲಿಸಬಹುದು. ಕೆಳಗೆ ಕಿರಿದಾಗಿ ಯೋನಿಯೊಳಕ್ಕೆ ಚಾಚಿಕೊಂಡಿರುವ ಭಾಗವೇ ಗರ್ಭಕೊರಳು. ಅದರ ಇಕ್ಕೆಲಗಳಲ್ಲಿ ರಕ್ತನಾಳಗಳನ್ನೂ ನರಗಳನ್ನೂ ಹೊತ್ತ ಮೆದುವಾದ ಅಂಗಾಂಶವಿದೆ. ಮೂತ್ರಪಿಂಡಗಳಿಂದ ಮೂತ್ರಕೋಶಕ್ಕೆ ಇಳಿಯುವ ನಾಳಗಳು ಈ ಅಂಗಾಂಶದ ನಡುವೆಯೇ ಹಾದುಹೋಗುತ್ತವೆ. ಮುಂಭಾಗದಲ್ಲಿ ಮೂತ್ರಕೋಶ, ಹಿಂಭಾಗದಲ್ಲಿ ಗುದನಾಳ. ಇಷ್ಟು ಇಕ್ಕಟ್ಟಾದ ಜಾಗದಲ್ಲಿ ಶಸ್ತ್ರವೈದ್ಯರು ಕೆಲಸ ಮಾಡಬೇಕಾಗುತ್ತದೆ ಎಂಬುದನ್ನು ನೆನಪಿನಲ್ಲಿಟ್ಟರೆ ಮುಂದಿನ ಮಾತುಗಳು ಸುಲಭವಾಗಿ ಅರ್ಥವಾಗುತ್ತವೆ.

ಈ ಕ್ಯಾನ್ಸರಿಗೆ ಮೂಲ ಎಚ್.ಪಿ.ವಿ. ಎಂಬ ವೈರಾಣು. ಇದನ್ನು ತೋರಿಸಿಕೊಟ್ಟ ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಸಂಸಾರ ಮಾಡುವ ಬಹುತೇಕ ಸ್ತ್ರೀಪುರುಷರಿಗೆ ಬಾಳಿನ ಒಂದಲ್ಲ ಒಂದು ಕಾಲದಲ್ಲಿ ಈ ವೈರಾಣು ತಗಲುತ್ತದೆ. ಹೆಚ್ಚಿನವರಲ್ಲಿ ಅದು ತಾನಾಗಿಯೇ ಮಾಯವಾಗುತ್ತದೆ. ಆದ್ದರಿಂದ ಈ ರೋಗ ಬಂದ ಹೆಣ್ಣುಮಗಳ ನಡತೆಯ ಬಗ್ಗೆ ಯಾರೂ ಬೆರಳು ತೋರಬೇಕಾದ ಕಾರಣವಿಲ್ಲ. ಕೆಲವರಲ್ಲಿ ಮಾತ್ರ ವೈರಾಣು ಉಳಿದುಕೊಂಡು ಗರ್ಭಕೊರಳಿನ ಮೇಲ್ಪದರದ ಜೀವಕೋಶಗಳನ್ನು ನಿಧಾನವಾಗಿ ಕೆಡಿಸುತ್ತದೆ. ಹೀಗೆ ಕೆಟ್ಟ ಪದರ ಕ್ಯಾನ್ಸರಾಗಿ ಆಳಕ್ಕಿಳಿಯಲು ಸಾಮಾನ್ಯವಾಗಿ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯುತ್ತದೆ. ಈ ಅವಧಿಯೇ ನಮ್ಮ ಪಾಲಿನ ಅವಕಾಶ.

ಮೊದಲು ಅಳತೆ, ಆಮೇಲೆ ಶಸ್ತ್ರ

ಸಂಭೋಗದ ಬಳಿಕ ರಕ್ತ ಕಾಣಿಸುವುದು, ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಹೋಗುವುದು, ಎರಡು ಮುಟ್ಟಿನ ನಡುವೆ ರಕ್ತಸ್ರಾವವಾಗುವುದು, ದುರ್ವಾಸನೆಯ ಬಿಳಿಸೆರಗು - ಇವು ಕಂಡಾಗ ಪರೀಕ್ಷೆ ಅವಶ್ಯ. ವೈದ್ಯರು ಗರ್ಭಕೊರಳನ್ನು ಕಣ್ಣಾರೆ ನೋಡಿ, ಸಂಶಯ ಬಂದಲ್ಲಿ ಕಾಲ್ಪೊಸ್ಕೋಪ್ ಎಂಬ ಹಿಗ್ಗಿಸಿ ತೋರುವ ಉಪಕರಣದ ನೆರವಿನಿಂದ ಚೂರು ಅಂಗಾಂಶವನ್ನು ಬಯಾಪ್ಸಿಗೆ ಕಳುಹಿಸುತ್ತಾರೆ. ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದನ್ನು ಬಯಾಪ್ಸಿಯೊಂದೇ ಖಚಿತವಾಗಿ ಹೇಳಬಲ್ಲದು. ಆ ಬಳಿಕ ಕೈಯಿಂದ ಮಾಡುವ ಪರೀಕ್ಷೆ, ಎಂ.ಆರ್.ಐ. ಮೊದಲಾದವು ರೋಗದ ಹರವನ್ನು ತಿಳಿಸುತ್ತವೆ.

2018ರಲ್ಲಿ ಪರಿಷ್ಕೃತವಾದ ಅಂತರರಾಷ್ಟ್ರೀಯ ವರ್ಗೀಕರಣದ ಪ್ರಕಾರ, ಗರ್ಭಕೊರಳನ್ನು ಮೀರಿ ಹೋಗದ ಕ್ಯಾನ್ಸರನ್ನು ಒಂದನೆಯ ಹಂತವೆನ್ನುತ್ತಾರೆ. ಅದರಲ್ಲಿಯೂ ಸೂಕ್ಷ್ಮದರ್ಶಕದಲ್ಲಷ್ಟೇ ಕಾಣುವಂತಿದ್ದು, ಆಳ 3 ಮಿಲಿಮೀಟರಿನೊಳಗಿದ್ದರೆ 1ಎ1. 3ರಿಂದ 5 ಮಿಲಿಮೀಟರಿನಷ್ಟಿದ್ದರೆ 1ಎ2. ಅದಕ್ಕಿಂತ ಆಳವಾಗಿದ್ದು ಗಡ್ಡೆಯ ಅಗಲ 2 ಸೆಂಟಿಮೀಟರಿನೊಳಗಿದ್ದರೆ 1ಬಿ1. 2ರಿಂದ 4 ಸೆಂಟಿಮೀಟರಿದ್ದರೆ 1ಬಿ2. 4 ಸೆಂಟಿಮೀಟರ್ ಮುಟ್ಟಿದರೆ ಅಥವಾ ಮೀರಿದರೆ 1ಬಿ3. ಒಂದು ಜೋಳದ ಕಾಳಿನ ಗಾತ್ರಕ್ಕೂ ಒಂದು ನಿಂಬೆಹಣ್ಣಿನ ಗಾತ್ರಕ್ಕೂ ಇರುವ ಅಂತರವೇ ಇಲ್ಲಿ ಚಿಕಿತ್ಸೆಯ ಸ್ವರೂಪವನ್ನು ಪೂರ್ತಿಯಾಗಿ ಬದಲಿಸುತ್ತದೆ. ಇದರೊಡನೆ ಇನ್ನೊಂದು ಸಂಗತಿಯನ್ನೂ ವೈದ್ಯರು ನೋಡುತ್ತಾರೆ: ಕ್ಯಾನ್ಸರ್ ಕಣಗಳು ಅಲ್ಲಿನ ಸೂಕ್ಷ್ಮ ರಕ್ತನಾಳ ಇಲ್ಲವೆ ದುಗ್ಧನಾಳಗಳೊಳಕ್ಕೆ ಹೊಕ್ಕಿವೆಯೇ? ಹೊಕ್ಕಿದ್ದರೆ ಅವು ದೂರಕ್ಕೆ ಪಯಣಿಸುವ ಸಂಭವ ಹೆಚ್ಚು.

ಚಿಕಿತ್ಸೆಯ ಮೆಟ್ಟಿಲುಗಳು

ಕ್ಯಾನ್ಸರ್ ಆಗುವ ಮುನ್ನಿನ ಸ್ಥಿತಿಯಲ್ಲಿಯೇ ಪತ್ತೆಯಾದರೆ ಕೆಟ್ಟ ಪದರವನ್ನು ವಿದ್ಯುತ್ ಹರಿಯುವ ತೆಳುವಾದ ತಂತಿಯ ಕುಣಿಕೆಯಿಂದ ಕೆತ್ತಿ ತೆಗೆಯುತ್ತಾರೆ. ಇದಕ್ಕೆ ಲೀಪ್ ಎಂದು ಹೆಸರು. ಆಯ್ದ ಕೆಲವರಲ್ಲಿ ಆ ಪದರವನ್ನು ಶಾಖದಿಂದ ಸುಡುವುದೂ ಉಂಟು. ಆ ಭಾಗವನ್ನಷ್ಟೇ ಮರಗಟ್ಟಿಸಿ ಮಾಡುವ ಈ ಚಿಕಿತ್ಸೆಯ ಬಳಿಕ ಅಂದೇ ಮನೆಗೆ ಮರಳಬಹುದು.

1ಎ1 ಹಂತದಲ್ಲಿ, ಸೂಕ್ಷ್ಮನಾಳಗಳೊಳಕ್ಕೆ ರೋಗ ಹೊಗದಿದ್ದರೆ, ದುಗ್ಧಗ್ರಂಥಿಗಳಿಗೆ ಹರಡುವ ಸಂಭವ ನೂರಕ್ಕೆ ಒಂದಕ್ಕಿಂತ ಕಡಿಮೆ. ಮಕ್ಕಳು ಬೇಕೆನ್ನುವ ಯುವತಿಗೆ ಗರ್ಭಕೊರಳಿನಿಂದ ಶಂಕುವಿನಾಕಾರದ ತುಣುಕೊಂದನ್ನು ತೆಗೆಯುವ ಕೋನ್ ಬಯಾಪ್ಸಿಯೇ ಪೂರ್ಣ ಚಿಕಿತ್ಸೆಯಾಗಬಲ್ಲದು. ಆದರೆ ತುಣುಕಿನ ಅಂಚುಗಳಲ್ಲಿ ರೋಗದ ಲೇಶವೂ ಉಳಿದಿರಬಾರದು. ಮಕ್ಕಳ ಆಸೆ ತೀರಿದವರಿಗೆ ಗರ್ಭಕೋಶವನ್ನಷ್ಟೇ ತೆಗೆಯುವ ಸರಳ ಶಸ್ತ್ರಚಿಕಿತ್ಸೆ ಸಾಕು.

ಅದಕ್ಕಿಂತ ಮುಂದುವರಿದ, ಆದರೆ ಇನ್ನೂ ಗರ್ಭಕೊರಳಿನ ಎಲ್ಲೆ ದಾಟದ ರೋಗಕ್ಕೆ ರ‍್ಯಾಡಿಕಲ್ ಹಿಸ್ಟರೆಕ್ಟಮಿ ಎಂಬ ದೊಡ್ಡ ಶಸ್ತ್ರಚಿಕಿತ್ಸೆ ಬಹುಕಾಲದಿಂದ ನಡೆದುಬಂದಿದೆ. ಇದರಲ್ಲಿ ಗರ್ಭಕೋಶ, ಗರ್ಭಕೊರಳು, ಇಕ್ಕೆಲದ ಅಂಗಾಂಶ ಮತ್ತು ಯೋನಿಯ ಮೇಲ್ತುದಿಯ ಭಾಗವನ್ನು ಒಟ್ಟಾಗಿ ತೆಗೆಯುತ್ತಾರೆ; ಜೊತೆಗೆ ಕಟಿಭಾಗದ ದುಗ್ಧಗ್ರಂಥಿಗಳನ್ನೂ ತೆಗೆದು ಪರೀಕ್ಷಿಸುತ್ತಾರೆ. ಅಂಡಾಶಯಗಳನ್ನು ತೆಗೆಯಲೇಬೇಕೆಂಬ ನಿಯಮವಿಲ್ಲ. ಯುವತಿಯರಲ್ಲಿ ರೋಗದ ಬಗೆ ಅನುಕೂಲವಾಗಿದ್ದರೆ ಅವನ್ನು ಉಳಿಸುತ್ತಾರೆ. ಹಾಗೆ ಉಳಿಸುವುದರಿಂದ ದೇಹ ಅಕಾಲದಲ್ಲಿ ಮುಟ್ಟು ನಿಂತ ಸ್ಥಿತಿಗೆ ಜಾರುವುದು ತಪ್ಪುತ್ತದೆ.

ದೊಡ್ಡ ಶಸ್ತ್ರಚಿಕಿತ್ಸೆ ಬೆಳೆದುಬಂದ ಬಗೆ

1898ರಲ್ಲಿ ಆಸ್ಟ್ರಿಯದ ವಿಯೆನ್ನಾ ನಗರದಲ್ಲಿ ಎರ್ನ್ಸ್ಟ್ ವರ್ಟ್‌ಹೈಮ್ ಎಂಬ ವೈದ್ಯರು ಹೊಟ್ಟೆಯ ಮೂಲಕ ಈ ಶಸ್ತ್ರಚಿಕಿತ್ಸೆಯನ್ನು ಆರಂಭಿಸಿದರು. ರಕ್ತ ಕೊಡುವ ಏರ್ಪಾಡಾಗಲಿ ಪ್ರತಿಜೀವಕ ಔಷಧಗಳಾಗಲಿ ಇಲ್ಲದ ಕಾಲವದು. ಶಸ್ತ್ರಚಿಕಿತ್ಸೆಯಿಂದಲೇ ಅನೇಕರು ತೀರಿಕೊಂಡರು. ಆದರೂ ಮತ್ತಾವ ಮದ್ದೂ ಇಲ್ಲದ ರೋಗಕ್ಕೆ ಅದೊಂದು ದಾರಿಯಾಯಿತು. 1911ರ ಹೊತ್ತಿಗೆ ವರ್ಟ್‌ಹೈಮ್ 500 ಶಸ್ತ್ರಚಿಕಿತ್ಸೆಗಳ ಅನುಭವವನ್ನು ಪ್ರಕಟಿಸಿದರು. ಅದೇ ನಗರದ ಫ್ರೀಡ್ರಿಖ್ ಶೌಟಾ ಅವರು ಹೊಟ್ಟೆಯನ್ನು ಕೊಯ್ಯದೆ ಯೋನಿಮಾರ್ಗದಿಂದಲೇ ಇದನ್ನು ಮಾಡುವ ಕ್ರಮವನ್ನು ರೂಢಿಸಿದರು. ಮುಂದೆ ಅಮೆರಿಕದ ಬಾಸ್ಟನ್ ನಗರದ ಜೋ ವಿನ್ಸೆಂಟ್ ಮೀಗ್ಸ್ ಅವರು ದುಗ್ಧಗ್ರಂಥಿಗಳನ್ನು ಕ್ರಮವಾಗಿ ತೆಗೆಯುವುದನ್ನು ವರ್ಟ್‌ಹೈಮ್ ಕ್ರಮಕ್ಕೆ ಸೇರಿಸಿದರು.

ಈ ಚರಿತ್ರೆಯಲ್ಲಿ ಭಾರತೀಯರೊಬ್ಬರ ಹೆಸರೂ ಇದೆ. ಕೋಲ್ಕತ್ತದ ಚಿತ್ತರಂಜನ್ ಕ್ಯಾನ್ಸರ್ ಆಸ್ಪತ್ರೆಯ ಡಾ. ಸುಬೋಧ್ ಮಿತ್ರ ಅವರು ಯೋನಿಮಾರ್ಗದ ಶಸ್ತ್ರಚಿಕಿತ್ಸೆಯೊಡನೆ, ಉದರದ ಒಳಪೊರೆಯನ್ನು ತೆರೆಯದೆಯೇ ದುಗ್ಧಗ್ರಂಥಿಗಳನ್ನು ತೆಗೆಯುವ ವಿಧಾನವನ್ನು ಜೋಡಿಸಿದರು. ವೈದ್ಯಕೀಯ ಗ್ರಂಥಗಳಲ್ಲಿ ಅದು ‘ಮಿತ್ರ ಶಸ್ತ್ರಚಿಕಿತ್ಸೆ’ ಎಂದೇ ಹೆಸರಾಯಿತು.

ಕಡಿಮೆ ತೆಗೆದರೂ ಸಾಕೇ?

ದೊಡ್ಡ ಶಸ್ತ್ರಚಿಕಿತ್ಸೆ ಜೀವ ಉಳಿಸಿತು. ಆದರೆ ಅದಕ್ಕೆ ಬೆಲೆಯನ್ನೂ ಪಡೆಯಿತು. ಇಕ್ಕೆಲದ ಅಂಗಾಂಶವನ್ನು ತೆಗೆಯುವಾಗ ಮೂತ್ರಕೋಶದ ನರಗಳಿಗೆ ಪೆಟ್ಟಾಗುತ್ತದೆ. ಕೆಲವರಿಗೆ ಮೂತ್ರ ಬಂದುದೇ ತಿಳಿಯದು. ಕೆಲವರಿಗೆ ಪೂರ್ತಿಯಾಗಿ ಹೋಗದು. ಇನ್ನು ಕೆಲವರಿಗೆ ಹಿಡಿತ ತಪ್ಪುತ್ತದೆ. ಆದ್ದರಿಂದ ಯಾರಿಗೆ ಇಷ್ಟೊಂದು ತೆಗೆಯುವ ಅಗತ್ಯವಿಲ್ಲ ಎಂಬ ಪ್ರಶ್ನೆ ವೈದ್ಯಲೋಕವನ್ನು ಕಾಡುತ್ತಲೇ ಇತ್ತು.

ಅದಕ್ಕೆ ಸ್ಪಷ್ಟ ಉತ್ತರ ದೊರೆತದ್ದು 2024ರಲ್ಲಿ. ಕೆನಡಾದ ಡಾ. ಮೇರಿ ಪ್ಲಾಂಟ್ ಅವರ ನೇತೃತ್ವದಲ್ಲಿ ನಡೆದ ‘ಶೇಪ್’ ಎಂಬ ಅಧ್ಯಯನದಲ್ಲಿ, ಗಡ್ಡೆ 2 ಸೆಂಟಿಮೀಟರ್ ಮೀರದ ಮತ್ತು ಆಳಕ್ಕೆ ಹೆಚ್ಚು ಇಳಿಯದ 700 ಮಹಿಳೆಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ರ‍್ಯಾಡಿಕಲ್ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಗರ್ಭಕೋಶವನ್ನಷ್ಟೇ ತೆಗೆಯುವ ಸರಳ ಶಸ್ತ್ರಚಿಕಿತ್ಸೆ. ದುಗ್ಧಗ್ರಂಥಿಗಳ ಪರೀಕ್ಷೆ ಇಬ್ಬರಿಗೂ ಸಮಾನ. ಮೂರು ವರ್ಷಗಳಲ್ಲಿ ಕಟಿಭಾಗದಲ್ಲಿ ರೋಗ ಮರುಕಳಿಸಿದ ಪ್ರಮಾಣ ಮೊದಲ ಗುಂಪಿನಲ್ಲಿ ಶೇ. 2.17, ಎರಡನೆಯದರಲ್ಲಿ ಶೇ. 2.52. ವ್ಯತ್ಯಾಸ ಗಣನೆಗೆ ಬಾರದಷ್ಟು ಅಲ್ಪ. ಮೂತ್ರದ ತೊಂದರೆಗಳು ಮಾತ್ರ ಸರಳ ಶಸ್ತ್ರಚಿಕಿತ್ಸೆಯವರಲ್ಲಿ ಕಡಿಮೆ. ಹೀಗೆ ಆಯ್ದ ಮಹಿಳೆಯರಿಗೆ ಚಿಕ್ಕ ಶಸ್ತ್ರಚಿಕಿತ್ಸೆಯೂ ಸುರಕ್ಷಿತವೆಂಬುದು ಸ್ಥಿರಪಟ್ಟಿತು.

ದುಗ್ಧಗ್ರಂಥಿಗಳ ವಿಷಯದಲ್ಲಿಯೂ ಇದೇ ಚಿಂತನೆ ನಡೆದಿದೆ. ಗ್ರಂಥಿಗಳನ್ನೆಲ್ಲ ತೆಗೆದರೆ ಕೆಲವರಿಗೆ ಮುಂದೆ ಕಾಲು ಬಾತುಕೊಂಡು ಭಾರವಾಗುತ್ತದೆ. ಗರ್ಭಕೊರಳಿಗೆ ಬಣ್ಣದ ದ್ರವವನ್ನು ಚುಚ್ಚಿ, ಅದು ಮೊದಲು ತಲಪುವ ‘ಕಾವಲು ಗ್ರಂಥಿ’ಯನ್ನು ಗುರುತಿಸಿ ಪರೀಕ್ಷಿಸುವ ಕ್ರಮವು ಅನುಕೂಲವಿರುವ ಆಸ್ಪತ್ರೆಗಳಲ್ಲಿ ಬಳಕೆಗೆ ಬಂದಿದೆ.

ಇನ್ನೂ ತಾಯಿಯಾಗದ ಹೆಣ್ಣುಮಕ್ಕಳಿಗೆ ಬೇರೊಂದು ದಾರಿಯುಂಟು. ಫ್ರಾನ್ಸಿನ ಲಿಯೋನ್ ನಗರದ ಡಾ. ಡೇನಿಯಲ್ ದಾರ್ಜಾಂ ಅವರು 1980ರ ದಶಕದ ಕೊನೆಯಲ್ಲಿ, ರೋಗವಿರುವ ಗರ್ಭಕೊರಳನ್ನೂ ಇಕ್ಕೆಲದ ಅಂಗಾಂಶವನ್ನೂ ತೆಗೆದು, ಗರ್ಭಕೋಶದ ಮೇಲ್ಭಾಗವನ್ನು ಉಳಿಸಿ ಯೋನಿಗೆ ಹೊಲಿಯುವ ಟ್ರೆಕಿಲೆಕ್ಟಮಿ ಎಂಬ ಶಸ್ತ್ರಚಿಕಿತ್ಸೆಯನ್ನು ಆರಂಭಿಸಿದರು. ಸಾಮಾನ್ಯವಾಗಿ ಗಡ್ಡೆ 2 ಸೆಂಟಿಮೀಟರಿನೊಳಗಿದ್ದು, ಗ್ರಂಥಿಗಳಿಗೆ ಹರಡದವರಿಗೆ ಇದು ಒಪ್ಪುತ್ತದೆ. ಇದಾದ ಮೇಲೆ ಅನೇಕರು ತಾಯಂದಿರಾಗಿದ್ದಾರೆ. ಗರ್ಭಕೋಶದ ಬಾಯಿಯನ್ನು ಬಿಗಿಯುವ ಹೊಲಿಗೆ ಬೇಕಾಗುತ್ತದೆ, ಅವಧಿಗೆ ಮುನ್ನ ಹೆರಿಗೆಯಾಗುವ ಸಂಭವ ಹೆಚ್ಚು, ಹೆರಿಗೆ ಸಿಸೇರಿಯನ್ ಮೂಲಕವೇ ಆಗಬೇಕು - ಇವನ್ನು ಮೊದಲೇ ತಿಳಿದು ಒಪ್ಪಿಕೊಳ್ಳಬೇಕು.

ಸಣ್ಣ ಗಾಯದ ಕುರಿತು ಎಚ್ಚರ

ಕಡಿಮೆ ಅಂಗಾಂಶ ತೆಗೆಯುವುದು ಒಂದು ಮಾತು. ಸಣ್ಣ ಗಾಯದಿಂದ ತೆಗೆಯುವುದು ಬೇರೊಂದು ಮಾತು. ಇವೆರಡನ್ನು ಒಂದೆಂದು ತಿಳಿಯಬಾರದು. ಹೊಟ್ಟೆಯ ಮೇಲೆ ಸಣ್ಣ ರಂಧ್ರಗಳನ್ನು ಮಾಡಿ ಲ್ಯಾಪರೊಸ್ಕೋಪಿ ಅಥವಾ ರೋಬಾಟ್ ನೆರವಿನಿಂದ ರ‍್ಯಾಡಿಕಲ್ ಶಸ್ತ್ರಚಿಕಿತ್ಸೆ ನಡೆಸುವ ಪದ್ಧತಿ ಜಗತ್ತಿನಾದ್ಯಂತ ಹರಡಿತ್ತು. ನೋವು ಕಡಿಮೆ, ರಕ್ತನಷ್ಟ ಕಡಿಮೆ, ಬೇಗನೆ ಮನೆಗೆ ಮರಳಬಹುದು ಎಂಬ ಕಾರಣಗಳಿಂದ ರೋಗಿಗಳೂ ಇದನ್ನೇ ಬಯಸುತ್ತಿದ್ದರು. 2018ರಲ್ಲಿ ಡಾ. ಪೆಡ್ರೊ ರಾಮಿರೆಜ್ ಮತ್ತು ಸಹವೈದ್ಯರು ಪ್ರಕಟಿಸಿದ ಅಧ್ಯಯನದ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. 33 ಆಸ್ಪತ್ರೆಗಳ 631 ಮಹಿಳೆಯರಲ್ಲಿ, ನಾಲ್ಕೂವರೆ ವರ್ಷಗಳ ಬಳಿಕ ರೋಗ ಮರುಕಳಿಸದೆ ಉಳಿದವರು ತೆರೆದ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ. 96.5, ಸಣ್ಣ ರಂಧ್ರದ ಗುಂಪಿನಲ್ಲಿ ಶೇ. 86. ಮೂರು ವರ್ಷಗಳ ಬಳಿಕ ಬದುಕಿದ್ದವರು ಕ್ರಮವಾಗಿ ಶೇ. 99 ಮತ್ತು ಶೇ. 93.8.

ಆ ಬಳಿಕ ಈ ಕ್ಯಾನ್ಸರಿನ ರ‍್ಯಾಡಿಕಲ್ ಶಸ್ತ್ರಚಿಕಿತ್ಸೆಯನ್ನು ಹೊಟ್ಟೆ ತೆರೆದೇ ಮಾಡಬೇಕೆಂಬುದು ಸಾಮಾನ್ಯ ನಿಯಮವಾಯಿತು. ಪಿತ್ತಕೋಶದ ಕಲ್ಲು ಮುಂತಾದ ಬೇರೆ ರೋಗಗಳಲ್ಲಿ ಲ್ಯಾಪರೊಸ್ಕೋಪಿಯ ಉಪಯೋಗಕ್ಕೆ ಇದರಿಂದ ಕುಂದೇನೂ ಇಲ್ಲ. ಆದರೆ ಹೊಟ್ಟೆಯ ಮೇಲೆ ಕಲೆ ಉಳಿಯಬಾರದೆಂಬ ಒಂದೇ ಕಾರಣಕ್ಕೆ ಮನೆಯವರು ಇಲ್ಲಿ ಸಣ್ಣ ಗಾಯಕ್ಕಾಗಿ ಒತ್ತಾಯಿಸುವುದು ತರವಲ್ಲ.

ಶಸ್ತ್ರವೋ, ವಿಕಿರಣವೋ?

ಶಸ್ತ್ರಚಿಕಿತ್ಸೆಯೊಂದೇ ಮದ್ದೆಂದು ತಿಳಿಯುವುದೂ ಸರಿಯಲ್ಲ. 1997ರಲ್ಲಿ ಇಟಲಿಯ ಡಾ. ಲಾಂಡೋನಿ ಮತ್ತು ಸಂಗಡಿಗರು 343 ಮಹಿಳೆಯರ ಅಧ್ಯಯನವನ್ನು ಪ್ರಕಟಿಸಿದರು. ರ‍್ಯಾಡಿಕಲ್ ಶಸ್ತ್ರಚಿಕಿತ್ಸೆ ಪಡೆದವರಲ್ಲಿಯೂ ವಿಕಿರಣ ಚಿಕಿತ್ಸೆ ಪಡೆದವರಲ್ಲಿಯೂ ಐದು ವರ್ಷ ಬದುಕಿದವರ ಪ್ರಮಾಣ ಶೇ. 83, ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ಆದರೆ ತೀವ್ರ ತೊಂದರೆಗಳು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ. 28, ವಿಕಿರಣದ ಗುಂಪಿನಲ್ಲಿ ಶೇ. 12. ಇದಕ್ಕೊಂದು ಕಾರಣವಿತ್ತು. ಶಸ್ತ್ರಚಿಕಿತ್ಸೆ ಪಡೆದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ, ಗಡ್ಡೆ 4 ಸೆಂಟಿಮೀಟರ್ ಮೀರಿದವರಲ್ಲಂತೂ 55ರಲ್ಲಿ 46 ಮಂದಿಗೆ, ಆಮೇಲೆ ವಿಕಿರಣವನ್ನೂ ಕೊಡಬೇಕಾಯಿತು. ಒಂದೇ ದೇಹದ ಮೇಲೆ ಎರಡು ಕಠಿಣ ಚಿಕಿತ್ಸೆಗಳ ಹೊರೆ ಬಿತ್ತು.

ಇದರಿಂದ ದೊರೆತ ತಿಳಿವಳಿಕೆ ಇಷ್ಟು: ಶಸ್ತ್ರಚಿಕಿತ್ಸೆಯ ಬಳಿಕ ವಿಕಿರಣವೂ ಬೇಕಾಗುವುದೆಂದು ಮೊದಲೇ ತೋರುವಂತಿದ್ದರೆ, ಶಸ್ತ್ರವನ್ನು ಕೈಗೆತ್ತಿಕೊಳ್ಳದೆ ಸಿಸ್‌ಪ್ಲಾಟಿನ್ ಎಂಬ ಔಷಧದೊಡನೆ ವಿಕಿರಣವನ್ನೇ ಕೊಡುವುದು ಒಳಿತು. ದೊಡ್ಡ ಗಡ್ಡೆಗಳಿಗೆ ಇಂದು ಇದೇ ಮೊದಲ ಆಯ್ಕೆ. ಗಡ್ಡೆ ಚಿಕ್ಕದಿದ್ದ ಯುವತಿಯರಿಗಾದರೋ ಶಸ್ತ್ರಚಿಕಿತ್ಸೆಯೇ ಮೇಲು. ವಿಕಿರಣದಿಂದ ಅಂಡಾಶಯಗಳು ನಿಷ್ಕ್ರಿಯವಾಗುತ್ತವೆ, ಯೋನಿ ಒಣಗಿ ಬಿಗಿಯುತ್ತದೆ. ಹೃದ್ರೋಗವಿರುವ, ವಯಸ್ಸಾದ ತಾಯಿಗೆ ವಿಕಿರಣವೇ ಸುರಕ್ಷಿತವಾಗಬಹುದು. ಈ ತೀರ್ಮಾನವನ್ನು ಶಸ್ತ್ರವೈದ್ಯರೂ ವಿಕಿರಣತಜ್ಞರೂ ಒಟ್ಟಿಗೆ ಕುಳಿತು ಕೈಗೊಳ್ಳಬೇಕು.

ಪರೀಕ್ಷೆಯಿಲ್ಲದೆ ಗರ್ಭಕೋಶ ತೆಗೆಸಿದರೆ

ಲೇಖನದ ಆರಂಭದಲ್ಲಿ ಹೇಳಿದ ‘ತೆಗೆಸಿಬಿಡಿ’ ಎಂಬ ಸಲಹೆಯ ಅಪಾಯ ಈಗ ಸ್ಪಷ್ಟವಾಗುತ್ತದೆ. ಬಿಳಿಸೆರಗು, ಬೆನ್ನುನೋವು, ಅತಿಸ್ರಾವ ಎಂದು ಬಂದ ಮಹಿಳೆಗೆ ಗರ್ಭಕೊರಳಿನ ಪರೀಕ್ಷೆಯನ್ನೇ ಮಾಡದೆ ಗರ್ಭಕೋಶವನ್ನು ತೆಗೆದುಹಾಕುವುದುಂಟು. ತೆಗೆದ ಅಂಗವನ್ನು ಪ್ರಯೋಗಾಲಯಕ್ಕೆ ಕಳುಹಿಸದಿರುವುದೂ ಉಂಟು. ಒಳಗೆ ಗಡ್ಡೆಯೊಂದು ಅಡಗಿದ್ದರೆ ಆ ಶಸ್ತ್ರಚಿಕಿತ್ಸೆ ಅದಕ್ಕೆ ಸಾಲದು. ಸುತ್ತಲಿನ ಅಂಗಾಂಶದಲ್ಲಿ ರೋಗ ಉಳಿಯಬಹುದು. ಆಮೇಲೆ ತಿಳಿದುಬಂದಾಗ ಮತ್ತೊಂದು ಕಷ್ಟದ ಶಸ್ತ್ರಚಿಕಿತ್ಸೆ ಇಲ್ಲವೆ ವಿಕಿರಣ ಬೇಕಾಗುತ್ತದೆ. ಮೊದಲೇ ಒಂದು ಬಯಾಪ್ಸಿ ಆಗಿದ್ದರೆ ಸರಿಯಾದ ಒಂದೇ ಚಿಕಿತ್ಸೆಯಲ್ಲಿ ಮುಗಿಯಬಹುದಾದದ್ದು ಹೀಗೆ ಎರಡಾಗುತ್ತದೆ.

ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿಗಳನ್ನು ಜಾರಿಗೊಳಿಸುವಂತೆ ಸುಪ್ರೀಂ ಕೋರ್ಟ್ 2023ರಲ್ಲಿ ರಾಜ್ಯಗಳಿಗೆ ನಿರ್ದೇಶನ ನೀಡಿದೆ. ಕಾನೂನಿನ ಜೊತೆಗೆ ಮನೆಯವರ ಎಚ್ಚರವೂ ಬೇಕು. ‘ಗರ್ಭಕೊರಳಿನ ಪರೀಕ್ಷೆ ಆಗಿದೆಯೇ? ಬಯಾಪ್ಸಿಯ ವರದಿ ಏನು ಹೇಳುತ್ತದೆ? ರೋಗ ಯಾವ ಹಂತದಲ್ಲಿದೆ? ಅಂಡಾಶಯಗಳನ್ನು ಉಳಿಸಬಹುದೇ? ಆಮೇಲೆ ವಿಕಿರಣ ಬೇಕಾಗಬಹುದೇ?’ - ಈ ಐದು ಪ್ರಶ್ನೆಗಳನ್ನು ಕೇಳಲು ಸಂಕೋಚಪಡಬಾರದು. ವರದಿಗಳನ್ನೆಲ್ಲ ಒಂದು ಕಡತದಲ್ಲಿ ಜೋಪಾನವಾಗಿಡಬೇಕು.

ಶಸ್ತ್ರಚಿಕಿತ್ಸೆಯ ಬಳಿಕ

ದೊಡ್ಡ ಶಸ್ತ್ರಚಿಕಿತ್ಸೆಯಾದವರಿಗೆ ಮೂತ್ರದ ನಳಿಕೆಯನ್ನು ಕೆಲವು ದಿನ, ಕೆಲವೊಮ್ಮೆ ವಾರಕ್ಕೂ ಮೀರಿ ಇಡಬೇಕಾಗುತ್ತದೆ. ಬಳಿಕ ಮೂತ್ರದ ಒತ್ತಡಕ್ಕೆ ಕಾಯದೆ, ಗಡಿಯಾರ ನೋಡಿ ಹೋಗುವ ಅಭ್ಯಾಸ ಮಾಡಿಕೊಳ್ಳಬೇಕು. ಮಲಬದ್ಧತೆ ಸಾಮಾನ್ಯ. ಭಾರ ಎತ್ತುವ ಕೆಲಸ ಹಲವು ವಾರ ಕೂಡದು. ಹೊಲಮನೆಯ ದುಡಿಮೆಗೆ ಸೊಸೆಯನ್ನೋ ಅತ್ತೆಯನ್ನೋ ಬೇಗನೆ ಮರಳಿಸುವ ಆತುರ ಬೇಡ. ದಾಂಪತ್ಯಜೀವನಕ್ಕೆ ವೈದ್ಯರು ಹೇಳಿದ ಅವಧಿಯ ಬಳಿಕ ಮರಳಬಹುದು. ಕ್ಯಾನ್ಸರ್ ಕಾಯಿಲೆ ಪತಿಗೆ ಅಂಟುವುದಿಲ್ಲ. ಪತ್ನಿಯನ್ನು ದೂರವಿಡುವುದು ರೋಗಕ್ಕಿಂತ ಹೆಚ್ಚು ನೋವು ಕೊಡುತ್ತದೆ. ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ಆಮೇಲೆ ಇನ್ನಷ್ಟು ಅಂತರದಲ್ಲಿ ಮರುತಪಾಸಣೆ ತಪ್ಪಿಸಬಾರದು.

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ, ಕಲಬುರಗಿಯಲ್ಲಿರುವ ಅದರ ಕೇಂದ್ರ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ಮೊದಲಾದೆಡೆ ಕ್ಯಾನ್ಸರ್ ಚಿಕಿತ್ಸೆ ದೊರೆಯುತ್ತದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಪಡಿತರ ಚೀಟಿಯುಳ್ಳ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಹಣವಿಲ್ಲವೆಂದು ಮನೆಯಲ್ಲಿ ಕುಳಿತು ದಿನ ಕಳೆಯುವುದಕ್ಕಿಂತ, ಪಡಿತರ ಚೀಟಿ ಮತ್ತು ಆಧಾರ್ ಹಿಡಿದು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸುವುದು ಲೇಸು.

ಚಿಕ್ಕ ಶಸ್ತ್ರಚಿಕಿತ್ಸೆಯ ಭಾಗ್ಯ ಬೇಗನೆ ಪತ್ತೆಯಾದವರಿಗೆ ಮಾತ್ರ. ನಮ್ಮ ಬೀದರ, ಕಲಬುರಗಿ ಜಿಲ್ಲೆಗಳಿಗೆ ಹೊಂದಿಕೊಂಡ ಮಹಾರಾಷ್ಟ್ರದ ಉಸ್ಮಾನಾಬಾದ್, ಅಂದರೆ ಇಂದಿನ ಧಾರಾಶಿವ ಜಿಲ್ಲೆಯ ಹಳ್ಳಿಗಳಲ್ಲಿ 1.3 ಲಕ್ಷ ಮಹಿಳೆಯರನ್ನು ಒಳಗೊಂಡ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಬಾಳಿನಲ್ಲಿ ಒಂದೇ ಒಂದು ಸಲ ಎಚ್.ಪಿ.ವಿ. ಪರೀಕ್ಷೆಗೆ ಕರೆಯಲಾದ ಹಳ್ಳಿಗಳಲ್ಲಿ ಈ ಕ್ಯಾನ್ಸರಿನ ಸಾವುಗಳು ಸುಮಾರು ಅರ್ಧಕ್ಕೆ ಇಳಿದವು. ಅವರೂ ನಮ್ಮಂತೆಯೇ ಜೋಳ, ತೊಗರಿ ಬೆಳೆಯುವ ನೆಲದ ಹೆಣ್ಣುಮಕ್ಕಳು. ರಾಷ್ಟ್ರೀಯ ಕಾರ್ಯಕ್ರಮದಡಿ 30 ವರ್ಷ ದಾಟಿದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಗರ್ಭಕೊರಳಿಗೆ ಆಮ್ಲದ್ರಾವಣ ಲೇಪಿಸಿ ನೋಡುವ ಸರಳ ಪರೀಕ್ಷೆಯನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ನಡೆಸುವ ಏರ್ಪಾಡಿದೆ. ಆಶಾ ಕಾರ್ಯಕರ್ತೆಯರನ್ನು ಕೇಳಿದರೆ ದಿನವನ್ನು ತಿಳಿಸುತ್ತಾರೆ. 9ರಿಂದ 14 ವಯಸ್ಸಿನ ಹೆಣ್ಣುಮಕ್ಕಳಿಗೆ ಎಚ್.ಪಿ.ವಿ. ಲಸಿಕೆಯೂ ರಕ್ಷೆಯಾಗುತ್ತದೆ. ಲಸಿಕೆ ಪಡೆದವರಿಗೂ ಮುಂದೆ ಪರೀಕ್ಷೆ ತಪ್ಪದು.

ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಣ್ಣುವ ತಾಯಂದಿರು ತಮ್ಮ ನೋವನ್ನೂ ಕೊನೆಗೇ ಹೇಳುತ್ತಾರೆ. ಅವರು ಹೇಳುವವರೆಗೆ ಕಾಯದೆ, ಪತಿಯೋ ಮಗನೋ ಮಗಳೋ ಸೊಸೆಯೋ ‘ನಡೆ, ಒಮ್ಮೆ ತೋರಿಸಿಕೊಂಡು ಬರೋಣ’ ಎಂದು ಕರೆದೊಯ್ಯಬೇಕು. ಜೋಳದ ಕಾಳಿನಷ್ಟಿರುವಾಗ ಸಿಕ್ಕ ರೋಗಕ್ಕೆ ಪುಟ್ಟ ಚಿಕಿತ್ಸೆಯೇ ಸಾಕಾದೀತು.